ಅಮೀನರು ಬಿಟ್ಟುಹೋದ ಚರಕ

ಮೊದಲ ಮಹಾಯುದ್ಧ ಮುಗಿದ ಮರುವರ್ಷ. ಆಗ ನಾವು ಚನ್ನಪಟ್ಟಣದಲ್ಲಿದ್ದೆವು. ಮನೆವಾರ್ತೆಯ ಜೊತೆಗೆ ನನ್ನ ಕಸುಬು ಹಿತ್ತಿಲ ಚಪ್ಪರದಲ್ಲಿ ರೇಷ್ಮೆ ಬಿಚ್ಚುವುದು: ಗೂಡುಗಳನ್ನು ಕುದಿನೀರಿಗೆ ಹಾಕಿ, ಎಳೆ ಹುಡುಕಿ, ಚರಕಕ್ಕೆ ಸುತ್ತುವ ಕೆಲಸ. ಮಾವನವರು ಕಟ್ಟಿಸಿದ ಹೆಂಚಿನ ಮನೆ, ಎರಡು ಹೊತ್ತು ಹಿಟ್ಟು. ಶಿವ ಯಾವುದಕ್ಕೂ ಕೊರತೆ ಮಾಡಿರಲಿಲ್ಲ.

ನಮ್ಮ ಯಜಮಾನರು ಗೆಳೆಯ ರುದ್ರಪ್ಪನ ಜೊತೆ ಸೇರಿ, ಆಳುಗಳನ್ನಿಟ್ಟು ದೊಡ್ಡದಾಗಿ ರೇಷ್ಮೆ ಬಿಚ್ಚಿಸುವ ವ್ಯಾಪಾರಕ್ಕೆ ಹೊರಟರು. ಪತ್ರ ಬರೆಸಲು, ಈಗ ರಾಮನಗರವೆನ್ನುವ ಕ್ಲೋಸ್‌ಪೇಟೆಯಿಂದ ವಕೀಲರೊಬ್ಬರನ್ನು ಮನೆಗೇ ಕರೆತಂದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಪಾಲುದಾರಿಕೆಗೆ ಖರ್ಚು ಕಡಿಮೆ, ಆದರೆ ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನ ಮನೆಯೂ ಹೊಣೆ. ಲಿಮಿಟೆಡ್ ಕಂಪನಿಯನ್ನು ಸರ್ಕಾರದಲ್ಲಿ ನೋಂದಾಯಿಸಬೇಕು, ಓಡಾಟ ಹೆಚ್ಚು. ಆದರೆ ಮುಳುಗಿದರೆ ಹಾಕಿದ ಬಂಡವಾಳ ಮಾತ್ರ ಮುಳುಗುತ್ತದೆ. ವಕೀಲರು ಹೇಳಿದ್ದು ಇಷ್ಟು.

ರುದ್ರಪ್ಪ ನಕ್ಕ. "ಲಿಮಿಟೆಡ್ ಅಂತ ಬೋರ್ಡ್ ಹಾಕುದ್ರೆ ಗೂಡು ತರೋ ರೈತ ಏನಂದಾನು ಸ್ವಾಮಿ? 'ಇವ್ನು ಇಷ್ಟೇ ಕೊಡೋನು ಕಣ್ಲಾ, ಗಾಡಿ ತಿರುಗ್ಸು' ಅಂತಾನೆ."

ಯಜಮಾನರು ನಗಲಿಲ್ಲ. ಹಿಂದಿನ ಸೋಮವಾರ ಇಬ್ಬರೂ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು, ಲಾಭಕ್ಕೂ ನಷ್ಟಕ್ಕೂ ಜೊತೆಗಿರುತ್ತೇವೆಂದು ಮಾತು ಕೊಟ್ಟಿದ್ದರು. ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಪತ್ರವಿಲ್ಲ.

"ಲಿಂಗದ ಮುಂದೆ ಪೂರ್ತಿ ಕೊಟ್ಟಿರೋ ಮಾತ್ನ ಕಾಗದದಲ್ಲಿ ಅರ್ಧ ಮಾಡೋದಾ? ಆಗಾಕಿಲ್ಲ," ಎಂದರು.

"ಆ ಮಾತು ನಿಮ್ಮಿಬ್ಬರದು ಯಜಮಾನ್ರೇ. ಸಾಲ ಕೊಡೋನು ಮೂರನೆಯವನು, ಅವನು ನೋಡೋದು ಕಾಗದ ಮಾತ್ರ," ಎಂದರು ವಕೀಲರು.

ಪಾಲುದಾರಿಕೆಯೇ ಆಯಿತು. ನಾನು ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದೆ.

ಮೊದಮೊದಲು ಕೈಹತ್ತಿತು. ಆಮೇಲೊಮ್ಮೆ ರುದ್ರಪ್ಪ ಇಬ್ಬರ ಹೆಸರಿನಲ್ಲೂ ಸಾಹುಕಾರರಿಂದ ಸಾಲ ತಂದು, ಉಗ್ರಾಣದ ತುಂಬ ಗೂಡು ಕೊಂಡ. ಮೋಸವಲ್ಲ, ಬೆಲೆ ಏರುತ್ತದೆಂದು ನಂಬಿದ್ದ. ಬೆಲೆ ನೆಲಕಚ್ಚಿತು. ರುದ್ರಪ್ಪನದು ಬಾಡಿಗೆ ಮನೆ. ಸಾಹುಕಾರರು ಸ್ವಂತ ಮನೆಯಿದ್ದವರನ್ನೇ ಹಿಡಿದರು. ಕೋರ್ಟು ನಮ್ಮ ಮನೆಯ ಹರಾಜಿಗೆ ಅಪ್ಪಣೆ ಕೊಟ್ಟಿತು.

ರುದ್ರಪ್ಪ ಬಂದು ಜಗಲಿಯ ಮೇಲೆ ಕುಸಿದು ಕೂತ. "ನನ್ನ ಮಾರುದ್ರೂ ನಿನ್ ಮನೆ ಕದದ ಬೆಲೆ ಹುಟ್ಟಾಕಿಲ್ಲ ಅಣ್ಣ."

"ಮಾತು ಕೊಟ್ಟಾಗ ನಾನೂ ಇದ್ನಲ್ಲ. ಎದ್ದು ಬಾ, ಒಸಿ ಉಣ್ಣು," ಎಂದರು ಯಜಮಾನರು. ನಾನು ಇಬ್ಬರಿಗೂ ಬಡಿಸಿದೆ.

ಮನೆ ಬಿಡಿಸಿ, ಉಳಿದ ಸಾಲಕ್ಕೆ ಸಾಮಾನು ಜಪ್ತಿ ಮಾಡಲು ಬಂದ ಕೋರ್ಟಿನ ಅಮೀನರು ಒಂದೊಂದೇ ಸಾಮಾನು ನೋಡುತ್ತ ಚರಕದ ಹತ್ತಿರ ನಿಂತರು. "ಇದ್ಯಾರದವ್ವ?"

"ನಂದು ಸ್ವಾಮಿ. ನಾನೇ ಬಿಚ್ಚೋದು."

"ಕಸುಬಿನ ಸಾಮಾನು ಜಪ್ತಿಗೆ ಬರಾಕಿಲ್ಲ. ಅಡಿಗೆ ಪಾತ್ರೆ, ಹಾಸಿಗೆ, ತಾಳಿನೂ ಅಷ್ಟೇ. ತಕ್ಕೊಂಡ್ಹೋಗವ್ವ."

ಕಾಯಿದೆಯೊಳಗೂ ಇಷ್ಟು ಕರುಣೆಯಿದೆಯೆಂದು ನನಗೆ ತಿಳಿದದ್ದು ಅಂದೇ.

ಆ ಚರಕವೇ ಬಾಡಿಗೆ ಕೋಣೆಯಲ್ಲಿ ನಮಗೆ ಹಿಟ್ಟು ಹಾಕಿತು. ಯಜಮಾನರು ಸಾಯುವವರೆಗೂ ಹಳೆಯ ಮನೆಯ ಬೀದಿ ತುಳಿಯಲಿಲ್ಲ. ಸುತ್ತು ಬಳಸಿ ಪೇಟೆಗೆ ಹೋಗುತ್ತಿದ್ದರು. ಕುದಿನೀರಿಗೆ ನನ್ನ ಬೆರಳ ತುದಿಗಳು ಜಡ್ಡುಗಟ್ಟಿವೆ. ಪೂಜೆಯ ಹೊತ್ತಿಗೆ ಲಿಂಗದ ತಂಪು ಅಂಗೈಗಾದರೂ ತಿಳಿಯುತ್ತದೆ, ಶಿವ ಅಷ್ಟು ಉಳಿಸಿದ್ದಾನೆ.

ಹೊಸ ವ್ಯಾಪಾರ ಹೂಡುವವರು ಈಗಲೂ ಆಶೀರ್ವಾದ ಕೇಳಿಕೊಂಡು ನನ್ನ ಬಳಿ ಬರುತ್ತಾರೆ. ಲಾಭವೆಷ್ಟೆಂದು ನಾನು ಕೇಳುವುದಿಲ್ಲ. ಮುಳುಗಿದರೆ ನಷ್ಟ ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳುತ್ತೇನೆ. ಅದನ್ನು ವಕೀಲರಿಂದ ಬರೆಸಿಕೊಂಡು ಬಂದ ಮೇಲೆಯೇ ಹಣೆಗೆ ವಿಭೂತಿ ಹಚ್ಚುತ್ತೇನೆ.