ಅತ್ತೆಯ ಮಡಿಕೆ, ಸೊಸೆಯ ಘಾತಾಂಕ

ಶುಕ್ರವಾರ ಸಂಜೆ ಐದಕ್ಕೆ ಗಡುವು. ಅಷ್ಟರೊಳಗೆ ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿ ಹತ್ತನೆಯ ತರಗತಿಯ ಗಣಿತಕ್ಕೆ ಕೂರುತ್ತೇನೆಂದು ಹೇಳದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೆಸರು ಹೋದರೆ ಆಸ್ಪತ್ರೆಯ ಲ್ಯಾಬ್ ತರಬೇತಿಗೆ ಈ ವರ್ಷವೂ ಸೀಟಿಲ್ಲ. ಸೋಮವಾರದಿಂದ ಸೊಸೆಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಮಗುವಿನ ಹಣೆ ಬಿಸಿಯಿದೆಯೇ ಎಂದು ಮುಟ್ಟಿ ನೋಡುವಾಗಲೂ ಅದೇ, ಗ್ಯಾಸ್ ಆರಿಸಿದೆನೇ ಎಂದು ಮೂರನೆಯ ಸಲ ಎದ್ದು ಹೋಗುವಾಗಲೂ ಅದೇ.

ನಗರದ ಒಳ್ಳೆಯ ಶಾಲೆಯಲ್ಲಿ ಓದಿದವಳು. ಗಣಿತದಲ್ಲಿ ಡುಮ್ಕಿ ಹೊಡೆದದ್ದು ಗಂಡನಿಗೆ ಮಾತ್ರ ಗೊತ್ತಿತ್ತು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆಯ ಮುಂದೆ ಅದನ್ನು ಹೇಳಿಕೊಳ್ಳಲು ನಾಲಿಗೆ ಏಳುತ್ತಿರಲಿಲ್ಲ. ಅವರು ಮಲಗಿದ್ದಾಗ ಪುಸ್ತಕ ತೆಗೆಯುವುದು, ಎದ್ದಾಗ ಮಗುವಿನ ಬಟ್ಟೆಯ ಕೆಳಗೆ ತುರುಕುವುದು, ಹೀಗೇ ನಡೆದಿತ್ತು.

ಶುಕ್ರವಾರ ಮಧ್ಯಾಹ್ನ ಅತ್ತೆ ಮಲಗಲಿಲ್ಲ. ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಎದುರಿಗೇ ಕೂತರು.

"ಅದೇನೇ ಒಂದು ಗಂಟೆಯಿಂದ ಬರೀತೀಯ, ಅಳಿಸ್ತೀಯ? ರಬ್ಬರ್ ಸವೆದು ಕಡಲೆಕಾಳಾಯ್ತು."

"ಏನಿಲ್ಲ ಅತ್ತೆ. ಹೈಸ್ಕೂಲ್ ಲೆಕ್ಕ. ನಿಮಗೆ ಗೊತ್ತಾಗಲ್ಲ." ಅಂದವಳೇ ತುಟಿ ಕಚ್ಚಿಕೊಂಡಳು.

"ಗೊತ್ತಾಗದಿದ್ರೆ ಬೇಡ. ನೀನು ಓದು, ನಾನು ಕೇಳಿಸ್ಕೋತೀನಿ. ಕಿವಿಗೇನು ಹೈಸ್ಕೂಲ್ ಬೇಕಾ?"

ಅತ್ತೆ ಇಪ್ಪತ್ತೊಂಬತ್ತು ವರ್ಷ ಅಚ್ಚುಕೂಟದ ಮಡಿಸುವ ಕೋಣೆಯಲ್ಲಿ ದುಡಿದವರು. ಗಂಡ ತೀರಿಕೊಂಡಾಗ ಮಗನಿಗೆ ಮೂರು ವರ್ಷ. ಹದಿನೈದನೆಯ ದಿನವೇ ಅಲ್ಲಿನ ಮೇಜಿನ ಮುಂದೆ ನಿಂತಿದ್ದರು. ಚಾಪೆಯಷ್ಟಗಲದ ಹಾಳೆಗಳು ಬರುತ್ತಿದ್ದವು, ಅವನ್ನು ಅಂಚಿಗೆ ಅಂಚು ಕೂರಿಸಿ ಮರದ ಪಟ್ಟಿಯಿಂದ ಒತ್ತಿ ಪುಸ್ತಕದ ಅಳತೆಗೆ ಇಳಿಸಬೇಕು. ಮಡಿಸುವ ಯಂತ್ರ ಬಂದ ಮೇಲೂ ಯಂತ್ರ ಹರಿದುಹಾಕುತ್ತಿದ್ದ ತೆಳು ಕಾಗದವೆಲ್ಲ ಇವರ ಮೇಜಿಗೇ ಬರುತ್ತಿತ್ತು. ಅವರ ಬಲಗೈ ಹೆಬ್ಬೆರಳು ಇಂದಿಗೂ ಒಂದು ಕಡೆ ಚಪ್ಪಟೆ.

ಸೊಸೆ ಓದಿದಳು. "ಎರಡರ ಘಾತ ಮೂರು, ಗುಣಿಸು, ಎರಡರ ಘಾತ ಎರಡು. ನಾನು ಘಾತ ಆರು ಅಂತ ಬರೆದ್ರೆ ಪುಸ್ತಕದ ಕೊನೇಲಿರೋ ಉತ್ತರದಲ್ಲಿ ಐದು ಅಂತಿದೆ."

"ಘಾತ ಅಂದ್ರೆ?"

"ಎರಡನ್ನ ಎಷ್ಟು ಸಲ ಗುಣಿಸ್ಕೋಬೇಕು ಅಂತ."

"ಅಂದ್ರೆ ಮಡಿಕೆ," ಎಂದು ಅತ್ತೆ ಬಟ್ಟೆ ಬದಿಗೆ ಸರಿಸಿ ಹಳೆಯ ಪತ್ರಿಕೆಯ ಒಂದು ಹಾಳೆ ಎಳೆದುಕೊಂಡರು. "ಒಂದು ಮಡಿಕೆ. ಎಷ್ಟು ಪದರ?"

"ಎರಡು."

"ಇನ್ನೊಂದು? ಮತ್ತೊಂದು?"

"ನಾಲ್ಕು. ಎಂಟು."

"ಇದರ ಮೇಲೆ ಇನ್ನೆರಡು ಹಾಕ್ದೆ. ಒಟ್ಟು ಎಷ್ಟು ಮಡಿಕೆ ಆಯ್ತು?"

"ಐದು," ಎಂದಳು ಸೊಸೆ. ಆಮೇಲೆ ತನ್ನ ಪುಸ್ತಕದಲ್ಲಿದ್ದ ಆರನ್ನು ನೋಡಿದಳು. "ಆದ್ರೆ ಗುಣಿಸು ಅಂತ ಇದೆಯಲ್ಲ ಅತ್ತೆ?"

"ಗುಣಿಸ್ಕೊಂಡು ಬೆಳೆಯೋದು ಪದರ ಕಣೇ. ಮಡಿಕೆ ಒಂದೊಂದಾಗೇ ಕೂಡುತ್ತೆ. ಪದರ ಎಣಿಸ್ತಾ ಕೂತೋರನ್ನ ಕಂಡ್ರೆ ನಮ್ಮ ಮೇಸ್ತ್ರಿ, ಹಾಸಿಗೆ ತರಿಸ್ಲಾ, ಇಲ್ಲೇ ಮಲಗ್ತೀರಾ, ಅಂತಿದ್ದ."

ಸೊಸೆ ನಕ್ಕುಬಿಟ್ಟಳು. ಭಾಗಾಕಾರ ಓದಿದಳು, ಅತ್ತೆ ಎರಡು ಮಡಿಕೆ ಬಿಚ್ಚಿ ತೋರಿಸಿದರು, ಮೂರು ಉಳಿಯಿತು. ಮೂರರ ಘಾತ ಬಂದಾಗ ಹಾಳೆಯನ್ನು ಕರಪತ್ರದ ಹಾಗೆ ಮೂರು ಪಾಲಾಗಿ ಮಡಿಸಿದರು. "ಈ ಮೂರು ಪಾಲಿನ ಮಡಿಕೆನೂ ಆ ಎರಡು ಪಾಲಿನದನ್ನೂ ಸೇರಿಸಿ ಎಣಿಸ್ಬಾರದು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಸೇರಿಸಿ ಎಣಿಸಿ ಇನ್ನೂರು ಹಾಳೆ ಕೆಡಿಸಿದ್ದೆ. ಯಾರಿಗೂ ಹೇಳ್ಬೇಡ, ನಿನ್ನ ಗಂಡನಿಗೂ ಗೊತ್ತಿಲ್ಲ."

"ಇಲ್ಲಿ ಸಂಖ್ಯೆನೇ ಇಲ್ಲ ಅತ್ತೆ. ಎಕ್ಸ್‌ನ ಘಾತ ಅಂತಿದೆ."

"ಎಷ್ಟು ಪಾಲು ಅಂತ ಗಿರಾಕಿ ಇನ್ನೂ ಹೇಳಿಲ್ಲ, ಅಷ್ಟೇ. ಹೇಳದಿದ್ರೂ ಮಡಿಕೆ ಎಣಿಸೋಕೇನು ಅಡ್ಡಿ?"

ಹತ್ತು ವರ್ಷ ತನ್ನನ್ನು ಹೆದರಿಸಿದ್ದ ಎಕ್ಸ್ ಬರೀ ತಡಮಾಡುವ ಗಿರಾಕಿ. ಸೊಸೆ ಈಗ ಹಾಳೆಯನ್ನು ತಾನೇ ಕೈಗೆ ತೆಗೆದುಕೊಂಡಳು. ಎಲ್ಲ ಮಡಿಕೆ ಬಿಚ್ಚಿ ನೆಲದ ಮೇಲೆ ಹರವಿದಳು. ಘಾತ ಸೊನ್ನೆ. ಇಷ್ಟು ದಿನ ಉತ್ತರವೂ ಸೊನ್ನೆಯೆಂದೇ ಬರೆದಿದ್ದಳು. ಹಾಳೆ ಮಾತ್ರ ಕಣ್ಣೆದುರಿಗೆ ಬಿದ್ದುಕೊಂಡಿತ್ತು, ಒಂದು ಪದರವಾಗಿ.

"ಎರಡರ ಘಾತ ಮೈನಸ್ ಒಂದು ಅಂತಲೂ ಇದೆ," ಎಂದಳು.

ಅತ್ತೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಲ್ಲದ ಮಡಿಕೆನ ಎಲ್ಲಿಂದ ಬಿಚ್ಚಲಿ? ಇದು ನಮ್ಮ ಕೋಣೆಗೆ ಬಂದಿರಲಿಲ್ಲಮ್ಮ."

ಸೊಸೆ ಹಾಳೆಯನ್ನೇ ದಿಟ್ಟಿಸಿದಳು. "ಆಗ ಒಂದೊಂದು ಮಡಿಕೆ ಬಿಚ್ಚಿದಾಗಲೂ ಪದರ ಅರ್ಧ ಆಗ್ತಾ ಬಂತು. ಎಂಟು, ನಾಲ್ಕು, ಎರಡು, ಒಂದು." ಅವಳ ಧ್ವನಿ ನಿಧಾನವಾಯಿತು. "ಇನ್ನೊಂದು ಸಲ ಅಂದ್ರೆ ಅರ್ಧ. ಮೈನಸ್ ಎರಡು ಅಂದ್ರೆ ಕಾಲು. ಅಷ್ಟೇ ಅತ್ತೆ, ಹಾಗೇ ಕೆಳಗಿಳೀತಾ ಹೋಗೋದು."

"ನೋಡು, ನನಗೇ ಕಲಿಸ್ಬಿಟ್ಟೆ," ಎಂದರು ಅತ್ತೆ.

ಪಾಠದ ಕೊನೆಯಲ್ಲಿದ್ದ ಇಪ್ಪತ್ತು ಲೆಕ್ಕಗಳನ್ನು ಅವಳು ಒಂದೇ ಉಸಿರಿಗೆ ಮಾಡಿದಳು. ಉತ್ತರಗಳೊಂದಿಗೆ ತಾಳೆ ನೋಡಿದರೆ ಹತ್ತೊಂಬತ್ತು ಸರಿ. ಇನ್ನೊಂದರಲ್ಲಿ ಅವಸರಕ್ಕೆ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ತಪ್ಪು ಎಲ್ಲಾಗಿದೆಯೆಂದು ತಾನೇ ಹುಡುಕಿ ಹಿಡಿದಳು. ಆ ಸಂತೋಷಕ್ಕೆ ಮಾತು ತಾನಾಗಿ ಹೊರಬಂತು. "ಅತ್ತೆ, ನಾನು ಹತ್ತರಲ್ಲಿ ಗಣಿತ ಫೇಲು."

"ಗೊತ್ತು ಬಿಡು. ಬಟ್ಟೆ ಮಡಿಸೋಳು ನಾನು, ಬಟ್ಟೆ ಕೆಳಗೆ ಪುಸ್ತಕ ಬಚ್ಚಿಡೋಳು ನೀನು."

ಗಡಿಯಾರದಲ್ಲಿ ನಾಲ್ಕೂವರೆ. ಮಗು ಎದ್ದು ರಾಗ ತೆಗೆಯಿತು, ಅತ್ತೆ ಎತ್ತಿಕೊಂಡು ಹೊರಗೆ ಹೋಗಲು ಹೊರಟರು. "ಇಲ್ಲೇ ಇರಿ," ಎಂದು ಸೊಸೆ ಪರೀಕ್ಷಾ ಕೇಂದ್ರದ ನಂಬರ್ ಒತ್ತಿ ತನ್ನ ಹೆಸರು ಹೇಳಿದಳು. ಆ ತುದಿಯಲ್ಲಿ ಗುಮಾಸ್ತೆಯ ದಣಿದ ದನಿ.

"ಗಣಿತನಾ? ಎರಡು ಸಲ ಹೆಸರು ಕೊಟ್ಟು ಬಂದೇ ಇಲ್ವಲ್ಲಮ್ಮ. ಈ ಸಲನಾದ್ರೂ ಬರ್ತೀರಾ?"

"ಬರ್ತೀನಿ," ಎಂದಳು ಅವಳು, ಬಾಗಿಲಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ. "ಬರ್ಕೊಳ್ಳಿ."