ತ್ರೀಡಿ ಕನ್ನಡಕ, ನಾಲಿಗೆ ಕೆಳಗಿನ ಮಾತ್ರೆ

ನನ್ನ ಗಂಡನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಡಾಕ್ಟರು, 'ಗಾಬರಿ ಆಗದ ಹಾಗೆ ನೋಡ್ಕೊಳ್ಳಿ' ಅಂದಿದ್ದರು. ನಾನು ಆ ಮಾತನ್ನು ಇಡೀ ಭದ್ರಾವತಿಗೆ ಅನ್ವಯಿಸಿದೆ. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಿ ಅರೆಬೆಂದ ಬೇಳೆ ಬಡಿಸಿದೆ. ಕಾಲಿಂಗ್ ಬೆಲ್ಲಿನ ವೈರ್ ಕಿತ್ತೆ. ಪಟಾಕಿ ತಂದ ಪಕ್ಕದ ಮನೆಯವರ ಜೊತೆ ಕಾಂಪೌಂಡಿನ ಮೇಲಿಂದಲೇ ಜಗಳಕ್ಕೆ ನಿಂತೆ. ಯಾರದ್ದಾದರೂ ಸಾವಿನ ಸುದ್ದಿ ಬಂದರೆ ಮೊದಲು 'ಹುಷಾರಿಲ್ವಂತೆ' ಎಂದು ಹೇಳಿ, ಕಾಫಿ ಕೊಟ್ಟು, ಆಮೇಲೆ ಸಾಯಿಸುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರು, ಇನ್ನು ಎಲ್ಲರ ಹಾಗೆ ಇರಬಹುದು ಎಂದರು. ನಾನು ನಂಬಲಿಲ್ಲ. ಇವರೂ ನಂಬಿದಂತೆ ಕಾಣಲಿಲ್ಲ. ತುಂಬಿದ ಕೊಡ ಹೊತ್ತವರ ಹಾಗೆ ಮೆಲ್ಲಗೆ ನಡೆಯುತ್ತಿದ್ದರು.

ಅಂಥವರು ಒಂದು ಭಾನುವಾರ, ಶಿವಮೊಗ್ಗಕ್ಕೆ ಹೋಗಿ ಸಿನಿಮಾ ನೋಡೋಣ ಎಂದರು. ಯಾವುದೋ ಸಂಸಾರದ ಕಥೆ ಇರಬೇಕೆಂದು ಹೊರಟೆ. ಮಾಲಿನಲ್ಲಿ ಪೋಸ್ಟರ್ ನೋಡಿದ ಮೇಲೆ ಗೊತ್ತಾಯಿತು: ಆಕಾಶನೌಕೆ, ಬೆಂಕಿ, ತ್ರೀಡಿ.

'ಇದು ಬೇಡ ರೀ. ಆ ಸೌಂಡಿಗೆ ಗಟ್ಟಿ ಇರೋರ ಎದೇನೇ ಒಡೆಯುತ್ತೆ.'

'ಟಿಕೆಟ್ ತಗೊಂಡಾಗಿದೆ. ಬಾ ಮಾರಾಯ್ತಿ.'

ಎದೆನೋವು ಬಂದರೆ ಇವರ ನಾಲಿಗೆ ಕೆಳಗಿಡುವ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಕೊಟ್ಟ ಕನ್ನಡಕ ಹಾಕಿಕೊಂಡು ಪರದೆಯನ್ನಲ್ಲ, ಇವರ ಶರ್ಟಿನ ಗುಂಡಿಯನ್ನು ನೋಡಿದೆ. ಅದು ಏರಿ ಇಳಿದರೆ ನನಗೂ ಉಸಿರು. ನೌಕೆ ಹಾರಿದಾಗ ಕುರ್ಚಿಯೇ ನಡುಗಿತು. ಬಾಗಿಲು ಎಲ್ಲಿದೆ, ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದೋ ಇಲ್ಲವೋ, ಇದೇ ನನ್ನ ಸಿನಿಮಾ.

ಇದ್ದಕ್ಕಿದ್ದಂತೆ ಶಬ್ದ ಪೂರ್ತಿ ನಿಂತಿತು. ಏನಾಯಿತೆಂದು ತಲೆ ಎತ್ತಿದೆ. ಬೂದು ಬಣ್ಣದ ಒಂದು ಬಯಲು ನಮ್ಮ ಕಾಲ ಬುಡದಿಂದಲೇ ಶುರುವಾದಂತಿತ್ತು. ಅದರ ಮೇಲೆ ಇರುವೆಯಷ್ಟು ಚಿಕ್ಕ ಮನುಷ್ಯರು ಡೇರೆ ಹಾಕುತ್ತಿದ್ದರು. ಬಯಲಿನಲ್ಲಿ ಒಂದು ಬಿರುಕು ಕಂಡಿತು, ಅಗಲವಾಯಿತು. ಅದು ಬಯಲಲ್ಲ, ಕಣ್ಣಿನ ರೆಪ್ಪೆ. ಭದ್ರಾ ಹೊಳೆಯಷ್ಟು ಅಗಲದ ಹಸಿರು ಕಣ್ಣೊಂದು ತೆರೆದುಕೊಂಡು ನನ್ನನ್ನೇ ನೋಡಿತು.

ಥಿಯೇಟರಿಗೆ ಥಿಯೇಟರೇ ಕೂಗಿತು. ಮೊದಲು ಕೂಗಿದ್ದು ನಾನು. ಕೂಗಿದ ಮೇಲೆ ಎಂಥದೋ ಖುಷಿ. ಈ ವಯಸ್ಸಿನಲ್ಲೂ ನಾನು ಊಹಿಸದೇ ಇದ್ದದ್ದೊಂದು ಹೀಗೆ ಎದುರಿಗೆ ಬಂದು ನಿಲ್ಲಬಹುದಲ್ಲ ಎಂಬ ಖುಷಿ. ಆ ರೆಪ್ಪೆ ಮತ್ತೆ ಮುಚ್ಚುವವರೆಗೆ ನನಗೆ ಗಂಡ ಅಂತ ಒಬ್ಬರಿದ್ದಾರೆ ಎಂಬುದೇ ಮರೆತುಹೋಗಿತ್ತು.

ನೆನಪಾದ ಕೂಡಲೇ ಪಕ್ಕಕ್ಕೆ ತಿರುಗಿದೆ. ಇವರು ಕನ್ನಡಕ ತೆಗೆದು, ಎರಡೂ ಕೈ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ಕೂತಿದ್ದರು. ಭುಜ ಅಲುಗುತ್ತಿತ್ತು. ಮುಷ್ಟಿ ಬಿಚ್ಚಿದರೆ ಮಾತ್ರೆ ಇಲ್ಲ. ಕೂಗಿದಾಗ ಎಲ್ಲೋ ಹಾರಿಹೋಗಿತ್ತು. ಕುರ್ಚಿಯ ಕೆಳಗೆ, ಚೆಲ್ಲಿದ ಪಾಪ್‌ಕಾರ್ನ್ ನಡುವೆ ಕೈಯಾಡಿಸುತ್ತ 'ಯಾರಾದ್ರೂ ಬನ್ರಪ್ಪಾ' ಎಂದು ಅಳತೊಡಗಿದೆ.

ಇವರು ತೋಳು ಹಿಡಿದು ನನ್ನನ್ನು ಮೇಲೆತ್ತಿದರು. ಭುಜ ಅಲುಗುತ್ತಿದ್ದದ್ದು ನಗುವಿಗೆ. ನನ್ನ ಕೈಯನ್ನು ಎಳೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಒಳಗೆ ದಬದಬ ಬಡಿದುಕೊಳ್ಳುತ್ತಿತ್ತು.

'ಇದಕ್ಕೇ ಬಂದಿದ್ದು ಕಣೆ. ಎಷ್ಟು ದಿನ ಅಂತ ಹೆದರ್ಕೊಂಡು ಬದುಕೋದು? ಒಂದ್ಸಲ ಜೋರಾಗಿ ಬೆಚ್ಚಿಬಿದ್ದು ನೋಡೋಣ ಅನ್ನಿಸ್ತು. ಒಬ್ನೇ ಬರೋಕೆ ಭಯ ಆಯ್ತು, ಅದಕ್ಕೇ ನಿನ್ನ ಕರ್ಕೊಂಡ್ಬಂದೆ. ನೋಡು, ಇನ್ನೂ ಹೊಡ್ಕೊಳ್ತಾನೇ ಇದೆ.'

ಪರದೆಯ ಮೇಲೆ ಆಮೇಲೆ ಏನೇನಾಯಿತೋ ನನಗೆ ಗೊತ್ತಿಲ್ಲ. ದೀಪ ಹಾಕುವವರೆಗೂ ನಾನು ಆ ಕೈ ತೆಗೆಯಲಿಲ್ಲ.