ಕೆಂದು ಮರಿಯ ತಾಯಿ

ರೇವಣಪ್ಪ, ನಿನ್ನ ಆಡಿನ ಮರಿ ಕದ್ದವನು ನಾನು. ನಿನ್ನನ್ನೇ ಕಳ್ಳನೆಂದು ಕರೆದು ಕೈ ಮುರಿದವನೂ ನಾನೇ. ಕೈ ಮುರಿದದ್ದನ್ನು ನಮ್ಮೂರು ನೆಲೋಗಿಯೆಲ್ಲ ನೋಡಿತು. ಕದ್ದದ್ದು ಮಾತ್ರ — ನನಗೂ ನಿನ್ನ ಮನೆಗೂ ಅಷ್ಟೇ ಗೊತ್ತು.

ನಮ್ಮ ಕೆಂದು ಆಡಿನ ಮರಿ ಮೇಯಲು ಹೋದದ್ದು ಮರಳಿರಲಿಲ್ಲ. ನಿನ್ನ ದೊಡ್ಡಿಯಲ್ಲಿ ಅಂಥದೇ ಒಂದು ಕಂಡೆ: ಕೆಂದು ಮೈ, ಜೋಲುಕಿವಿಯ ತುದಿಗೆ ಬಿಳಿ ಚುಕ್ಕೆ. ನಿನ್ನ ಉಸ್ಮಾನಾಬಾದಿ ತಳಿಯ ಆಡುಗಳೆಲ್ಲ ಇದ್ದಿಲಿನಂತೆ ಕಪ್ಪು, ಹೋತವೂ ಕಪ್ಪು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು ಬಣ್ಣ ನೋಡಿಯೇ ತೀರ್ಪು ಕೊಟ್ಟೆ. ಮರಿಯನ್ನೂ ನಿನ್ನನ್ನೂ ಊರ ಕಟ್ಟೆಯವರೆಗೆ ಎಳೆದು ತಂದೆ.

"ಅಣ್ಣಾ, ಕರಿ ಆಡಿಗೂ ಅಜ್ಜಿ ಬಣ್ಣದ ಮರಿ ಹುಟ್ತಾವ್ರಿ," ಎಂದೆ ನೀನು. "ಎರಡೂ ಆಡು ಬಿಡ್ರಿ, ತಾಯಿ ಮೂಸಿ ಹೇಳ್ತದ. ಆಮ್ಯಾಲ ಬೇಕಾದ್ರ ಹೊಡೀರಿ."

ಮರಿಯ ಜಗಳಕ್ಕೆ ತಾಯಿಯ ಮೂಗೇ ಪಂಚಾಯಿತಿ. ನಮ್ಮಲ್ಲಿ ಅದನ್ನು ಮೀರಿದವರಿಲ್ಲ. ನಾನು ಮೀರಿದೆ.

"ನನಗ ಬುದ್ಧಿ ಹೇಳ್ತಿ ಏನಲೇ, ಕಳ್ಳ!"

ಕೊಡಲಿಯ ಕಾವಿನಿಂದ ಮೊದಲ ಏಟು ಹೆಗಲಿಗೆ. ತಲೆ ಕಾಯಲು ನೀನು ಬಲಗೈ ಎತ್ತಿದೆ — ಆ ಕೈಯ ಮೇಲೇ ಮತ್ತೆ, ಮತ್ತೆ. ಎಲುಬು ಮುರಿದ ಸದ್ದು ಕೇಳಿತು. ಆಮೇಲೂ ಹೊಡೆದೆ. ನಿಜ ಹೇಳುತ್ತೇನೆ, ಆಗ ಸಿಟ್ಟು ಉಳಿದಿರಲಿಲ್ಲ, ಹೊಡೆಯುವುದು ಹಿತವಾಗಿತ್ತು. ಕಾಲಿಗೆ ಬಿದ್ದ ನಿನ್ನ ಹೆಂಡತಿಯನ್ನು ಒದ್ದೆ. ನಿನ್ನ ಬಾಯಿಯ ರಕ್ತ ಮರಿಯ ಬಿಳಿ ಚುಕ್ಕೆಗೂ ಸಿಡಿದಿತ್ತು.

ಸಂಜೆ ಮರಿಯನ್ನು ಮನೆಗೆ ಒಯ್ದು ನಮ್ಮ ಆಡಿನ ಮುಂದೆ ಬಿಟ್ಟೆ. ಆಡು ಒಮ್ಮೆ ಮೂಸಿತು, ಹಾಯ್ದು ಗೋಡೆಗೆ ಎಸೆಯಿತು. ಮತ್ತೆ ಬಿಟ್ಟೆ, ಮತ್ತೆ ಹಾಯಿತು. ಅದರ ಕೋಡು ತಿರುಚಿ, ನೆಲಕ್ಕೆ ಒತ್ತಿ ಹಿಡಿದು ಮರಿಗೆ ಹಾಲು ಕುಡಿಸಿದೆ. ನಿನ್ನ ಮನೆಯ ಕಡೆಯಿಂದ ಕರಿಯಾಡು ಒದರುತ್ತಲೇ ಇತ್ತು, ನನ್ನ ಕೈಯಲ್ಲಿದ್ದ ಮರಿ ಅದಕ್ಕೆ ಓಗೊಡುತ್ತಿತ್ತು. ಆಗಲೇ ಹೋಗಿ ಹೇಳಬಹುದಿತ್ತು. ಮಾನ ಹೋಗುತ್ತದೆಂದು ಹೋಗಲಿಲ್ಲ. ನೀನು ಆಡು ಮಾರಿ, ಊರು ಬಿಟ್ಟು ಅಂದೋಲಾಕ್ಕೆ ಹೋದೆ.

ಎಷ್ಟೋ ವರ್ಷದ ಮೇಲೆ ಮೊನ್ನೆ ಅಂದೋಲಾದಲ್ಲಿ ನಿನ್ನನ್ನು ಕಂಡೆ. ನೀನು ಎಡಗೈಯಿಂದ ಒಂದು ಆಡಿನ ಹಾಲು ಕರೆಯುತ್ತಿದ್ದೆ. ಬಲಗೈ ಬೆರಳು ಮಡಚುತ್ತಿರಲಿಲ್ಲ. ಹೆಂಡತಿ ಚರಿಗೆ ಹಿಡಿದಿದ್ದಳು. ನಾನು — ತಿರುಗಿ ಬಂದೆ.

ಆ ಮರಿಯ ಸಂತತಿಯೇ ಈಗ ನನ್ನ ಅರ್ಧ ದೊಡ್ಡಿ. ನಾಳೆ ಅದೇ ಕಟ್ಟೆಯ ಮೇಲೆ ನಿಂತು ಕಳ್ಳ ಯಾರೆಂದು ಹೇಳುತ್ತೇನೆ, ಆಮೇಲೆ ಅವನ್ನೆಲ್ಲ ನಿನ್ನ ಬಾಗಿಲಿಗೆ ಹೊಡೆದುಕೊಂಡು ಬರುತ್ತೇನೆ. ಆ ಕೊಡಲಿಯ ಕಾವನ್ನೂ ತರುತ್ತೇನೆ. ಆದರೆ ರೇವಣಪ್ಪ, ಅದನ್ನು ಎತ್ತುವ ಕೈಯನ್ನೇ ನಾನು ಮುರಿದಿದ್ದೇನೆ.